ಹೆಬ್ಬೆರಳು ಬಿಟ್ಟು ಹನ್ನೆರಡು

ಮೊನ್ನೆ ಗುರುವಾರ ನಮ್ಮ ಸೈಕಲ್ ಗ್ರೂಪಿನಲ್ಲಿ ಕಿರಣ ಮೆಸೇಜು ಹಾಕಿದ. ಡಿಸೆಂಬರ್ ಮೊದಲ ಭಾನುವಾರದಿಂದ ಚಳಿಗಾಲದ ಟ್ರೈನಿಂಗ್ ಶುರು, ಅದೇ ಜಾಗ, ಅದೇ ದಿಬ್ಬ, ಬರುವವರು ಹೆಸರು ಹಾಕಿ ಅಂತ. ಸಂಜೆಯೊಳಗೆ ಹನ್ನೊಂದು ಹೆಸರು ಬಿದ್ದವು. ಎಲ್ಲದರ ಕೆಳಗೆ ಅವನೇ ಇನ್ನೊಂದು ಸಾಲು ಸೇರಿಸಿದ್ದ: "ಕೊನೆಗೆ ಯಾರು?" ಅದಕ್ಕೆ ಮಾತ್ರ ಯಾರೂ ಉತ್ತರ ಕೊಟ್ಟಿರಲಿಲ್ಲ. ನಾನಂತೂ ಫೋನನ್ನು ಬೋರಲು ಹಾಕಿ ಪಕ್ಕಕ್ಕಿಟ್ಟೆ.

ಕೊನೆಗೆ ಅಂದರೆ ಗುಂಪಿನ ಎಲ್ಲರಿಗಿಂತ ಹಿಂದೆ ಸೈಕಲ್ ಹೊಡೆಯುವವರು. ಮುಂದೆ ಹೋಗುವುದಕ್ಕೆ ಬೇಕಾದಷ್ಟು ಜನ ಸಿಗುತ್ತಾರೆ, ಅದಕ್ಕೆ ಫೋಟೋ, ಶಹಭಾಸ್ ಎಲ್ಲ ಇವೆ. ಹಿಂದೆ ಉಳಿಯುವುದು ಬೇರೆಯೇ ಕೆಲಸ. ಪಂಕ್ಚರ್ ಆದವರ ಜೊತೆ ನಿಲ್ಲಬೇಕು, ಕಾಲು ಹಿಡಿದುಕೊಂಡವರ ಜೊತೆ ಕೂರಬೇಕು, ಅಳುವವರ ಪಕ್ಕ ಸುಮ್ಮನಿರಬೇಕು. ನಮ್ಮ ಗುಂಪಿನಲ್ಲಿ ಆರು ವರ್ಷ ಆ ಕೆಲಸ ಮಾಡಿದ್ದು ಒಬ್ಬರೇ. ಈ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಮನೆಯವರಿಗೆ ಬೇಸರವಾದೀತು ಅನ್ನುವುದು ಒಂದು. ನಾವು ಯಾರೂ ಅವರನ್ನು ಹೆಸರಿನಿಂದ ಕರೆದೇ ಇರಲಿಲ್ಲ ಅನ್ನುವುದು ಇನ್ನೊಂದು. ಇಪ್ಪತ್ತೈದರ ಹುಡುಗರಿಗೂ ಅವರು ಅಣ್ಣ, ಐವತ್ತು ಮುಟ್ಟಿದ ನನಗೂ ಅಣ್ಣ.

ಅಣ್ಣ ನನಗೆ ಒಂದೇ ಒಂದು ಕೆಲಸ ಹೇಳಿದ್ದರು. ಅದನ್ನು ನಾನು ಮಾಡಲಿಲ್ಲ. ಇದನ್ನು ಬರೆಯುತ್ತಿರುವುದು ಅದಕ್ಕೇ, ಅವರ ಗುಣಗಾನಕ್ಕಲ್ಲ. ಗುಣಗಾನ ಮಾಡಿದರೆ ಅವರೇ ಎದ್ದು ಬಂದು ಬೈದಾರು.

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಹಾಜರಿ ವಿಭಾಗದಲ್ಲಿದ್ದೇನೆ. ಮೂರು ಶಿಫ್ಟಿನ ಜನ ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು, ಯಾರು ಬಂದಿಲ್ಲ, ಇದೇ ನನ್ನ ಹಗಲು. ಕೂತು ಕೂತು ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದಾಗ ಡಾಕ್ಟರು ನಡೆಯಿರಿ ಅಂದರು. ನಡೆಯುವುದು ನನಗೆ ಬೋರು. ನಮ್ಮ ಸ್ಟೋರ್ಸಿನ ಕಿರಣ, "ಮೇಡಂ, ಸೈಕಲ್‌ಗೆ ಬನ್ನಿ, ಸಕ್ಕತ್ತಾಗಿರುತ್ತೆ" ಅಂದ. ಅವನನ್ನು ನಂಬಿ ಒಂದು ಗೇರಿನ ಸೈಕಲ್ ಕೊಂಡೆ. ಮೊದಲ ಭಾನುವಾರವೇ ಗೊತ್ತಾಯಿತು, ಆ ಹುಡುಗ ಸಕ್ಕತ್ತು ಅನ್ನುವುದೆಲ್ಲ ಪ್ರಾಣ ಹೋಗುವ ಕೆಲಸ.

ನಮ್ಮ ದಿಬ್ಬ ಆನೇಕಲ್ ದಾಟಿದ ಮೇಲೆ, ಮುತ್ಯಾಲಮಡುವಿಗೆ ಇಳಿಯುವ ರಸ್ತೆ. ಬೇರೆ ಕಡೆ ಮೊದಲು ಹತ್ತಿ ಆಮೇಲೆ ಇಳಿಯುತ್ತಾರೆ, ಇಲ್ಲಿ ಉಲ್ಟಾ. ಮೊದಲು ಕಣಿವೆಗೆ ಸುಮ್ಮನೆ ಇಳಿದುಬಿಡುತ್ತೇವೆ, ಚಳಿಗಾಳಿ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ಬರುತ್ತದೆ, ನಾನೇ ಮಹಾರಾಣಿ ಅನಿಸುತ್ತದೆ. ಆಮೇಲೆ ಅದೇ ರಸ್ತೆಯನ್ನು ಹತ್ತಬೇಕು. ಮೇಲೆ ನಿಂತರೆ ಕೆಳಗಿನ ತಿರುವುಗಳು ಕಾಣುವುದಿಲ್ಲ, ಮರ ಅಡ್ಡ. ಚಳಿಗಾಲದ ಟ್ರೈನಿಂಗ್ ಅಂದರೆ ಪ್ರತಿ ಭಾನುವಾರ ಹೀಗೆ ಮೂರು ಸಲ ಇಳಿದು ಹತ್ತುವುದು. ಮಾರ್ಚಿನಲ್ಲಿ ಎಲ್ಲರೂ ಊಟಿ ಘಾಟಿ ಹತ್ತುತ್ತಾರೆ, ಅದಕ್ಕೆ ತಯಾರಿ.

ಮೊದಲ ಸಲ ಎರಡನೇ ತಿರುವಿನಲ್ಲೇ ನಾನು ಸೈಕಲ್ ಬಿಸಾಕಿ ಕಲ್ಲಿನ ಮೇಲೆ ಕೂತೆ. ಹಿಂದಿನಿಂದ ಒಬ್ಬರು ಬಂದು ಇಳಿದರು. ಅರವತ್ತರ ಆಸುಪಾಸು, ಒಣಕಲು ಮೈ, ಕಾಲಿಗೆ ಬಾಟಾ ಚಪ್ಪಲಿಯಂಥದ್ದೇ ಏನೋ, ತಲೆಗೆ ಹೆಲ್ಮೆಟ್ಟಿನ ಕೆಳಗೆ ಮಫ್ಲರ್. ಸೈಕಲ್ ಹಳೇ ಕಬ್ಬಿಣದ್ದು, ಬೊಮ್ಮಸಂದ್ರದ ಗುಜರಿಯಿಂದ ಗೇರು ತಂದು ತಾವೇ ಕೂರಿಸಿಕೊಂಡದ್ದು. ಅದರ ಚೈನಿಗೆ ಹೊಲಿಗೆ ಮಿಷನ್ನಿನ ಎಣ್ಣೆ. ನೀವು ಹೋಗಿ, ನಾನು ಯಾವುದಾದರೂ ಟೆಂಪೋ ಹಿಡಿದು ಬರುತ್ತೇನೆ ಅಂದೆ. ಅವರು ನನ್ನ ಕಡೆ ನೋಡಲೇ ಇಲ್ಲ. ನನ್ನ ಸೈಕಲ್ಲನ್ನು ನೋಡಿದರು, ಎತ್ತಿದರು, ತಿರುಗಿಸಿ ಇನ್ನೊಂದು ಮಗ್ಗುಲಿಗೆ ಮಲಗಿಸಿದರು. "ಚೈನಿರೋ ಕಡೆ ನೆಲಕ್ ಆಕ್ಬಾರ್ದು ಕಣಮ್ಮ. ಮಣ್ ತಿಂತದೆ, ಗೇರ್ ಬಗ್ತದೆ" ಅಂದರು. ಅದು ಅವರು ನನಗೆ ಹೇಳಿದ ಮೊದಲ ಮಾತು. ಉಸಿರು ಹೋಗುತ್ತಿರುವ ಹೆಂಗಸಿಗಿಂತ ಇವರಿಗೆ ಸೈಕಲ್ಲೇ ಹೆಚ್ಚಾಯಿತಲ್ಲ ಅಂತ ಸಿಟ್ಟು ಬಂತು.

ಆಮೇಲೆ ಡಬ್ಬಿ ತೆಗೆದು ಕಡಲೆಕಾಯಿ ಉಂಡೆ ಕೊಟ್ಟರು. ಹೆಂಡತಿ ಮಾಡಿಕೊಟ್ಟದ್ದು. ಹತ್ತು ನಿಮಿಷ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು, ನೀವು ಮಾಡ್ತೀರ, ನಿಮ್ಮಿಂದ ಆಗುತ್ತೆ ಅನ್ನುವ ಪುಸಲಾಯಿಸುವ ಮಾತು ಒಂದೂ ಇಲ್ಲ. ಕೊನೆಗೆ, "ದಿಬ್ಬ ಎಲ್ಲೂ ಓಗಲ್ಲ. ನಿಧಾನಕ್ ಬಾ" ಅಂದರು. ಇನ್ನು ಎಷ್ಟಿದೆ ಅಂತ ಕೇಳಿದೆ. ಬೇರೆ ಯಾರೇ ಆಗಿದ್ದರೂ ಇನ್ನೇನು ಬಂತು ಅನ್ನುತ್ತಿದ್ದರು. ಅಣ್ಣ, "ಇನ್ನೂ ಐದು ತಿರುವು ಐತೆ, ಮೂರ್ನೇದು ಕೆಟ್ಟದ್ದು" ಅಂದರು. ದಿಬ್ಬದ ವಿಷಯದಲ್ಲಿ ಅವರು ಯಾರಿಗೂ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಸೈಕಲ್ ತಳ್ಳಿಕೊಂಡು ನಡೆದೆ. ಅವರಿಗೆ ಹತ್ತುವ ಶಕ್ತಿ ಇದ್ದರೂ ಇಳಿದು ನನ್ನ ಹಿಂದೆ ತಳ್ಳಿಕೊಂಡೇ ಬಂದರು.

ಮೇಲೆ ಇಡ್ಲಿ ಅಂಗಡಿಯ ಮುಂದೆ ಎಲ್ಲರೂ ಕಾಯುತ್ತಿದ್ದರು. ಅದು ಅವರು ಹಾಕಿದ ಕಟ್ಟಳೆ: ಕೊನೆಯವರು ಬರುವ ತನಕ ಯಾರೂ ತಿಂಡಿಗೆ ಕೈ ಹಾಕುವ ಹಾಗಿಲ್ಲ, ಮನೆಗೆ ತಿರುಗುವ ಹಾಗೂ ಇಲ್ಲ. ಹಸಿದ ಹುಡುಗರು ನನ್ನನ್ನು ನೋಡಿ ಚಪ್ಪಾಳೆ ತಟ್ಟಿದ್ದು ಪ್ರೀತಿಯಿಂದ ಅಲ್ಲ, ಇಡ್ಲಿ ಆಸೆಯಿಂದ. ಅಣ್ಣ ಒಂದು ಕೈಯನ್ನು ಹ್ಯಾಂಡಲ್ ಮೇಲೆ ಇಟ್ಟುಕೊಂಡೇ ಎಡಗೈಯ ಹೆಬ್ಬೆರಳನ್ನು ನಾಲ್ಕು ಬೆರಳ ಗೆಣ್ಣುಗಳ ಮೇಲೆ ಓಡಿಸಿದರು. ಒಂದೊಂದು ಬೆರಳಿಗೆ ಮೂರು, ನಾಲ್ಕು ಬೆರಳಿಗೆ ಹನ್ನೆರಡು. ಹನ್ನೆರಡು ಮುಗಿದ ಮೇಲೆ ತಲೆ ಆಡಿಸಿದರು, ಆಮೇಲೆ ತಿಂಡಿ. ಗುಂಪಿಗೆ ಹನ್ನೆರಡಕ್ಕಿಂತ ಹೆಚ್ಚು ಜನ ಬೇಡ ಅಂತ ಅವರು ಕಿರಣನ ಜೊತೆ ಜಗಳವನ್ನೇ ಆಡಿದ್ದರು. ಒಂದು ಕೈಯಲ್ಲಿ ಹಿಡಿಯುವಷ್ಟು ಜನ ಸಾಕು, ಅದಕ್ಕಿಂತ ಹೆಚ್ಚಾದರೆ ತನಗೆ ನಿದ್ದೆ ಬರಲ್ಲ ಅಂದಿದ್ದರಂತೆ.

ಈ ಎಣಿಕೆಯ ಹುಚ್ಚು ಎಲ್ಲಿಂದ ಬಂತು ಅಂತ ಒಂದು ದಿನ ಹೇಳಿದರು. ಹೆಬ್ಬಗೋಡಿಯವರು ಅವರು, ಅಲ್ಲೇ ಹುಟ್ಟಿದವರು. ತಂದೆಯ ಹೊಲದ ಮೇಲೆ ಎದ್ದ ಕಾರ್ಖಾನೆಯಲ್ಲೇ ಮೂವತ್ತು ವರ್ಷ ದುಡಿದು ನಿವೃತ್ತರಾದರು. ಶಿಫ್ಟ್ ಬಸ್ಸಿಗೆ ಜನ ಹತ್ತಿಸಿ ಎಣಿಸುವುದು ಅವರ ಪಾಲಿನ ಕೆಲಸ. ಒಂದು ಸಂಜೆ ಮಳೆಯಲ್ಲಿ ಅವಸರಕ್ಕೆ ಎಣಿಸದೆ ಬಸ್ಸು ಬಿಟ್ಟರು. ಪ್ಯಾಕಿಂಗಿನ ಒಬ್ಬ ಹುಡುಗಿ ಒಳಗೆ ಉಳಿದುಹೋಗಿ, ಹೊಸೂರು ರಸ್ತೆಯ ಲಾರಿಗಳ ಪಕ್ಕದಲ್ಲಿ ಒಬ್ಬಳೇ ನಡೆದುಕೊಂಡು ಮನೆ ಸೇರಿದಳು. ಏನೂ ಆಗಲಿಲ್ಲ ಅವಳಿಗೆ. ಆದರೂ ಮರುದಿನ ಇವರು ಇಡೀ ಶಿಫ್ಟಿನ ಮುಂದೆ ಅವಳ ಹತ್ತಿರ ಹೋಗಿ, ತಪ್ಪು ನನ್ನದು ಕಣವ್ವ ಅಂದರಂತೆ. ಸೂಪರ್‌ವೈಸರ್ ಆದವನು ಪ್ಯಾಕಿಂಗ್ ಹುಡುಗಿಯ ಕ್ಷಮೆ ಕೇಳೋದಾ ಅಂತ ನಕ್ಕವರೂ ಇದ್ದರಂತೆ. ಅಣ್ಣ ಅದನ್ನು ಹೇಳಿದ್ದು ಯಾವ ಹೆಗ್ಗಳಿಕೆಯೂ ಇಲ್ಲದೆ, ಚಕ್ರಕ್ಕೆ ಗಾಳಿ ಹೊಡೆಯುತ್ತಾ.

ಅವತ್ತು ನಾನು ಚೇಷ್ಟೆಗೆ ಕೇಳಿದೆ, ಎಲ್ಲರನ್ನೂ ಎಣಿಸುತ್ತೀರಲ್ಲ ಅಣ್ಣ, ನಿಮ್ಮನ್ನು ಎಣಿಸಿಕೊಂಡಿದ್ದು ನೋಡೇ ಇಲ್ಲ ಅಂತ. ಅವರು ಹೆಬ್ಬೆರಳು ಎತ್ತಿ ತೋರಿಸಿದರು.

"ಎಬ್ಬೆಟ್ಟು ಎಣ್ಸೋದು ಕಣಮ್ಮ. ಅದುನ್ನ ಯಾರ್ ಎಣ್ಸ್ತಾರೆ?"

ಬಸ್ಸಿನಲ್ಲಿ ಆ ಕೆಲಸಕ್ಕೆ ಡ್ರೈವರ್ ಇದ್ದನಂತೆ. ಇವರು ನಲವತ್ತೆರಡು ಅಂದರೆ, ಅವನು ಕನ್ನಡಿಯಲ್ಲಿ ನೋಡಿ, ನೀವೂ ಸೇರಿ ನಲವತ್ಮೂರು ಅಣ್ಣ ಅಂದು ಗಾಡಿ ತೆಗೆಯುತ್ತಿದ್ದನಂತೆ. ಅಷ್ಟು ಹೇಳಿ ಪಂಪು ಮಡಚುತ್ತಾ, "ಇಲ್ಲಿ ನಂಗೆ ಡ್ರೈವರ್ ನೀನೇ ಅಂದ್ಕೊ. ಯಾವಾಗ್ಲೂ ನನ್ ಮುಂದೇನೇ ಇರ್ತೀಯ. ಮೇಲಕ್ ಓದ್ಮೇಲೆ ಒಂದ್ಸಲ ಇಂದುಕ್ ತಿರುಗ್ ನೋಡು, ಸಾಕು" ಅಂದರು. ನಾನು ಆಯ್ತು ಅಣ್ಣ, ನಿಮ್ಮ ಹಾಜರಿ ನನ್ನ ಜವಾಬ್ದಾರಿ ಅಂದೆ. ದಿನಕ್ಕೆ ಸಾವಿರ ಜನರ ಹಾಜರಿ ನೋಡುವವಳು, ಒಬ್ಬರದು ಯಾವ ಮಹಾ ಅಂದುಕೊಂಡೆ.

ಹಾಗೆ ಐದು ಚಳಿಗಾಲ ಕಳೆದವು. ಐದೂ ಚಳಿಗಾಲ ನಾನೇ ಎಲ್ಲರಿಗಿಂತ ಹಿಂದೆ, ನನ್ನ ಹಿಂದಿನ ಚಕ್ರದ ಪಕ್ಕಕ್ಕೆ ಅವರ ಮುಂದಿನ ಚಕ್ರ. ನಾನು ಮೇಲೆ ಬಂದೆ ಅಂದರೆ ಎಲ್ಲರೂ ಬಂದ ಹಾಗೆ ಅನ್ನುವುದು ಗುಂಪಿಗೆ ಅಭ್ಯಾಸವಾಗಿ ಹೋಯಿತು. ನನ್ನ ಹೆಲ್ಮೆಟ್ಟು ಕೊನೆಯ ತಿರುವಿನಲ್ಲಿ ಕಂಡ ಕೂಡಲೇ ಯಾರೋ ಒಳಗೆ ಹೋಗಿ ಇಡ್ಲಿ ಹೇಳುತ್ತಿದ್ದರು. ನಾನು ಸುಮ್ಮನೆ ಒಮ್ಮೆ ಹಿಂದಕ್ಕೆ ತಿರುಗುತ್ತಿದ್ದೆ, ಅಣ್ಣ ಇರುತ್ತಿದ್ದರು. ಅದನ್ನು ಎಣಿಕೆ ಅಂತ ಕರೆಯಲು ನನಗೇ ನಾಚಿಕೆ.

ಅವರು ಮಾತಿನಲ್ಲಿ ಒರಟು. ಮೆಚ್ಚುಗೆ ಬಾಯಿಂದ ಬೀಳುತ್ತಿರಲಿಲ್ಲ. ಗೇರು ಇಳಿಸದೆ ಏದುಸಿರು ಬಿಡುತ್ತಿದ್ದರೆ, ಗೇರು ಇರೋದು ಸಿಂಗಾರಕ್ಕಾ ಅನ್ನುತ್ತಿದ್ದರು. ಹುಡುಗರು ಮೊಬೈಲಿನಲ್ಲಿ ವೇಗ ನೋಡಿಕೊಂಡು ಜಂಬ ಪಟ್ಟರೆ, ಮೊಬೈಲ್ ತುಳೀತೈತಾ, ನೀನು ತುಳೀತೀಯ ಅಂತ ಕೇಳುತ್ತಿದ್ದರು. ಗುಂಪಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದಾನೆ, ಒಳ್ಳೆಯ ಹುಡುಗ. ಹೋದ ವರ್ಷ ನವೆಂಬರಿನಲ್ಲಿ ಅವನು, ಅಣ್ಣ, ಒಂದ್ಸಲ ಹಾರ್ಟ್ ಚೆಕ್ ಮಾಡಿಸ್ಕೊಳ್ಳಿ ಅಂದ. ಹಲ್ಲು ಡಾಕ್ಟ್ರು ಎದೆ ಯಾಕ್ ನೋಡ್ತೀರ ಸಾರ್ ಅಂತ ಅಣ್ಣ ಎಲ್ಲರನ್ನೂ ನಗಿಸಿಬಿಟ್ಟರು. ನಾನೂ ನಕ್ಕೆ. ಈಗ ಆ ನಗು ನೆನಪಾದರೆ ಕೆನ್ನೆಗೆ ಹೊಡೆದುಕೊಳ್ಳೋಣ ಅನಿಸುತ್ತದೆ.

ಆರನೆಯ ಆ ಚಳಿಗಾಲದಲ್ಲಿ ಅಣ್ಣ ಬದಲಾಗಿದ್ದರು. ಎರಡನೇ ತಿರುವಿನಲ್ಲಿ ಬ್ರೇಕು ನೋಡಬೇಕು ಅಂತ ಇಳಿಯುತ್ತಿದ್ದರು. ಅಷ್ಟು ಚಳಿಯಲ್ಲೂ ಮಫ್ಲರ್ ಒದ್ದೆಯಾಗಿರುತ್ತಿತ್ತು. ಹತ್ತುವಾಗ ಜೋರು ಉಸಿರಿನ ಸದ್ದು ಕೇಳುತ್ತಿತ್ತು, ಅದು ನನ್ನದೇ ಅಂದುಕೊಂಡಿದ್ದೆ. ಯಾರಿಗೂ ಗೊತ್ತಾಗಲಿಲ್ಲ, ಹೇಗೆ ಗೊತ್ತಾಗಬೇಕು? ಕೊನೆಗೆ ಬರುವುದು ಅವರ ಕೆಲಸ. ಬೇರೆ ಯಾರು ಹಿಂದೆ ಬಿದ್ದರೂ ಏನಾಯಿತು ಅಂತ ಕೇಳುತ್ತಿದ್ದೆವು. ಅಣ್ಣ ಹಿಂದೆ ಬಿದ್ದರೆ ಅಣ್ಣ ಇದ್ದಾರೆ ಅಂತ ಧೈರ್ಯ.

ಬದಲಾದವಳು ನಾನೂ. ಐದು ವರ್ಷದ ಬೈಗುಳ ಕಾಲಿಗೆ ಇಳಿದಿತ್ತು. ಸಕ್ಕರೆ ಇಳಿಯಿತು, ತೂಕ ಇಳಿಯಿತು, ಮೂರನೇ ತಿರುವಿನಲ್ಲಿ ಇಳಿದು ತಳ್ಳುವುದು ನಿಂತಿತು. ಜನವರಿಯ ಆ ಭಾನುವಾರ ಎರಡು ಸಲ ಹತ್ತಿ, ಮೂರನೆಯದಕ್ಕೆ ಕಣಿವೆಯ ತಳದಲ್ಲಿ ಸೈಕಲ್ ತಿರುಗಿಸಿದಾಗ ಅಣ್ಣ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಮುಖ ಬಿಳಿಚಿತ್ತೋ ಏನೋ, ನಾನು ಸರಿಯಾಗಿ ನೋಡಲಿಲ್ಲ.

"ಇವತ್ತು ನಿನ್ ಕಾಲು ಚೆನ್ನಾಗ್ ಆಡ್ತಾವೆ. ನನ್ ಜೊತೆ ಯಾಕ್ ತೆವಳ್ತೀಯ? ಓಗು ಕಣಮ್ಮ, ನಾನ್ ಬತ್ತೀನಿ."

ಆರು ವರ್ಷದಲ್ಲಿ ಅವರ ಬಾಯಿಂದ ನನಗೆ ಸಿಕ್ಕ ಒಂದೇ ಮೆಚ್ಚುಗೆ ಅದು. ರೆಕ್ಕೆ ಬಂದಂತಾಯಿತು. ತುಳಿದೆ. ಮೂರನೇ ತಿರುವಿನಲ್ಲಿ ಹಲ್ಲಿನ ಡಾಕ್ಟರನ್ನು ಹಿಂದೆ ಹಾಕಿದೆ, ಅದರ ಮೇಲೆ ಇನ್ನೂ ಮೂವರನ್ನು. ಮೇಲೆ ತಲುಪಿದಾಗ ನಾನು ಎಂಟನೆಯವಳು. ಕಿರಣ ಸೈಕಲ್ ಬಿಟ್ಟು ಓಡಿಬಂದ, ಮೇಡಂ ಏನ್ ಗುರು ಇದು ಅಂತ ಎಲ್ಲರನ್ನೂ ಕರೆದ. ಫೋಟೋ ಆಯಿತು. ನನ್ನ ಹಿಂದೆ ನಾಲ್ವರು ಒಬ್ಬೊಬ್ಬರಾಗಿ ಬಂದು ಸೇರಿದರು. ಯಾರೋ ಹಸಿವು ಹಸಿವು ಅಂದರು. ಕಿರಣ, ಎಲ್ಲ ಬಂದ್ರಾ ಅಂತ ನನ್ನನ್ನೇ ಕೇಳಿದ. ಯಾವಾಗಲೂ ಕೊನೆಗೆ ಬರುವವಳು ಬಂದು ನಿಂತಿದ್ದಳಲ್ಲ.

ನಾನು ಎಡಗೈ ಎತ್ತಿದೆ. ಅಣ್ಣನ ಹಾಗೇ, ಬೇಕಂತಲೇ ಅವರನ್ನು ಅನುಕರಿಸುತ್ತಾ, ಹೆಬ್ಬೆರಳನ್ನು ಗೆಣ್ಣುಗಳ ಮೇಲೆ ಓಡಿಸಿದೆ. ಎಲ್ಲರೂ ನಕ್ಕರು. ನನ್ನನ್ನು ಮರೆಯದೆ ಸೇರಿಸಿಕೊಂಡೆ. ಹನ್ನೆರಡು. ನಾಲ್ಕು ಬೆರಳೂ ತುಂಬಿದವು. ಅಣ್ಣನ ಗತ್ತಿನಲ್ಲೇ ತಲೆ ಆಡಿಸಿ, "ಎಲ್ಲಾ ಬಂದ್ರು, ತಿಂಡಿ ಹೇಳಿ" ಅಂದೆ. ಹಿಂದಕ್ಕೆ ತಿರುಗಿ ನೋಡಲಿಲ್ಲ.

ಮುಕ್ಕಾಲು ಗಂಟೆ ಕೂತಿದ್ದೆವು. ನಾನು ಇಡ್ಲಿಯ ಮೇಲೆ ಒಂದು ವಡೆಯನ್ನೂ ತಿಂದೆ, ಇವತ್ತು ತಿನ್ನಬಹುದು ಅಂತ. ಎರಡನೇ ಕಾಫಿ ಆಗುವಾಗ ಒಬ್ಬ ಹುಡುಗ, ಅಣ್ಣನ ಉಂಡೆ ಎಲ್ಲಿ ಅಂದ. ತಿಂಡಿ ಆದ ಮೇಲೆ ಆ ಡಬ್ಬಿ ಎಲ್ಲರ ಮುಂದೆ ಬರುವುದು ವಾಡಿಕೆ. ನಮಗೆ ಮನುಷ್ಯ ಇಲ್ಲದ್ದು ಗೊತ್ತಾಗಲಿಲ್ಲ, ಉಂಡೆ ಇಲ್ಲದ್ದು ಗೊತ್ತಾಯಿತು.

ನಾನೇ ಮೊದಲು ಇಳಿದೆ. ಕೆಳಗಿನಿಂದ ಎರಡನೇ ತಿರುವು, ನಾನು ಮೊದಲ ಸಲ ಕೂತಿದ್ದ ಕಲ್ಲಿನ ಹತ್ತಿರ, ಸೈಕಲ್ ಬಿದ್ದಿತ್ತು. ಚೈನಿರುವ ಕಡೆ ನೆಲಕ್ಕೆ. ಅಣ್ಣನನ್ನು ನೋಡುವ ಮೊದಲೇ ನನಗೆ ಎಲ್ಲ ಅರ್ಥವಾಯಿತು. ಅವರು ಕಲ್ಲಿಗೆ ಒರಗಿ ಕೂತಿದ್ದರು, ಬಾಯಿ ಒಂದು ಕಡೆ ಜಾರಿತ್ತು, ಬಲಗೈ ಮಡಿಲಿನಲ್ಲಿ ಬಿದ್ದಿತ್ತು. ಎಚ್ಚರವಿತ್ತು. ಏನೋ ಹೇಳಲು ನೋಡಿದರು, ಮಾತು ಬರಲಿಲ್ಲ. ಕಣ್ಣು ನನ್ನನ್ನು ದಾಟಿ ಮೇಲಿನ ರಸ್ತೆಯನ್ನು ನೋಡುತ್ತಿತ್ತು. ಏನು ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. "ಎಲ್ಲಾ ಬಂದ್ರು ಅಣ್ಣ" ಅಂದೆ. ಒಂದೇ ದಿನ ಅದೇ ಸುಳ್ಳನ್ನು ಎರಡು ಸಲ ಹೇಳಿದೆ.

ಕೋಳಿ ಸಾಗಿಸುವ ಟೆಂಪೋ ಒಂದು ಸಿಕ್ಕಿತು. ಮೊದಲು ಹತ್ತಿರದ ನರ್ಸಿಂಗ್ ಹೋಮ್, ಅಲ್ಲಿ ಸ್ಕ್ಯಾನ್ ಇಲ್ಲ. ಅಲ್ಲಿಂದ ಆಂಬುಲೆನ್ಸಿನಲ್ಲಿ ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆ, ದಾರಿಯುದ್ದಕ್ಕೂ ಟ್ರಾಫಿಕ್ಕು. ಡಾಕ್ಟರಮ್ಮ ಬಂದವರೇ ಕೇಳಿದ ಮೊದಲ ಪ್ರಶ್ನೆ, ಎಷ್ಟು ಗಂಟೆಗೆ ಶುರುವಾಯಿತು? ಗುಂಪಿನ ಹನ್ನೆರಡು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ದಿಬ್ಬ ಹತ್ತಿದ ಒಂದೊಂದು ಸೆಕೆಂಡಿನ ಲೆಕ್ಕ ನನ್ನ ಫೋನಿನಲ್ಲಿತ್ತು, ಅಣ್ಣನದು ಯಾರ ಹತ್ತಿರವೂ ಇರಲಿಲ್ಲ. ಹಾಗಾದರೆ ಕೊನೆಯ ಸಲ ಸರಿಯಾಗಿದ್ದದ್ದನ್ನು ನೋಡಿದ್ದು ಯಾವಾಗ, ಯಾರು ಅಂತ ಡಾಕ್ಟರಮ್ಮ ಕೇಳಿದರು. ನಾನೇ. ಮೂರನೇ ಸಲ ಹತ್ತಲು ಶುರು ಮಾಡಿದ ಹೊತ್ತನ್ನು ಫೋನ್ ನೋಡಿ ಹೇಳಿದೆ. ಅವರು ಗಡಿಯಾರ ನೋಡಿದರು, ಲೆಕ್ಕ ಹಾಕಿದರು. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿದೆ, ಅದನ್ನು ಕರಗಿಸುವ ಇಂಜೆಕ್ಷನ್ನಿಗೆ ಒಂದು ಗಡುವು ಇರುತ್ತದೆ, ಅದು ಈಗಷ್ಟೇ ದಾಟಿತು, ಇನ್ನೊಂದು ಮುಕ್ಕಾಲು ಗಂಟೆ ಮುಂಚೆ ಬಂದಿದ್ದರೆ ಅಂದರು. ಬೈಯಲಿಲ್ಲ, ಮೆಲ್ಲಗೆ ಹೇಳಿದರು. ಮುಕ್ಕಾಲು ಗಂಟೆ. ಇಡ್ಲಿ, ವಡೆ, ಎರಡು ಕಾಫಿ.

ಅಷ್ಟು ಹೊತ್ತಿಗೆ ಅಣ್ಣನ ಹೆಂಡತಿ ಬಂದರು. ಸೆರಗು ಹೊದ್ದು ಬೆಂಚಿನ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿ ನಮ್ಮನ್ನೆಲ್ಲ ನೋಡಿ, "ಬೆಳಿಗ್ಗೆಯಿಂದ ಇಲ್ಲೇ ಇದ್ದೀರ, ತಿಂಡಿ ತಿಂದ್ರಾ ಯಾರಾದ್ರೂವೆ?" ಅಂದರು. ನಾನು ಇಲ್ಲಮ್ಮ ಅಂದೆ. ಅವರು ಒತ್ತಾಯ ಮಾಡಿ ನನ್ನನ್ನು ಕ್ಯಾಂಟೀನಿಗೆ ಕಳಿಸಿದರು. ನಾನು ಹೋಗಿ ಒಂದು ಮೂಲೆಯಲ್ಲಿ ನಿಂತು, ತಿನ್ನಲು ಬೇಕಾಗುವಷ್ಟು ಹೊತ್ತು ಕಳೆದು ವಾಪಸ್ಸು ಬಂದೆ.

ಮಾತು ಮತ್ತೆ ಬರಲಿಲ್ಲ. ಬಲಭಾಗ ಏಳಲಿಲ್ಲ. ಒಂಬತ್ತು ತಿಂಗಳು ಹೆಬ್ಬಗೋಡಿಯ ಮನೆಯಲ್ಲಿ, ಬಾಡಿಗೆ ರೂಮುಗಳ ಸಾಲಿನ ಹಿಂದಿನ ಆ ಹಳೇ ಮನೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಇದ್ದರು. ಸೈಕಲ್ಲನ್ನು ಕಣ್ಣಿಗೆ ಕಾಣುವಂತೆ ಗೋಡೆಗೆ ಒರಗಿಸಿದ್ದರು. ಹುಡುಗರು ಮೊದಲ ತಿಂಗಳು ಸಾಲು ಸಾಲಾಗಿ ಹೋದರು, ಆಮೇಲೆ ಕೆಲಸ, ಡೆಡ್‌ಲೈನು. ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ನಾನು ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೆ, ಪ್ರತಿ ಸಲ ಒಂದೇ ಮಾತು ಹೇಳಬೇಕು ಅಂತ. ಅವತ್ತು ಎಣಿಸಿದ್ದು ನಾನು ಅಣ್ಣ, ನಿಮ್ಮನ್ನು ಬಿಟ್ಟು ಎಣಿಸಿದೆ, ತಪ್ಪು ನನ್ನದು. ಪ್ಯಾಕಿಂಗ್ ಹುಡುಗಿಯ ಮುಂದೆ ಅವರು ನಿಂತು ಹೇಳಿದ ಹಾಗೆ. ಅಷ್ಟು ಸಣ್ಣ ಮಾತು. ಹೋಗಿ ಹಣ್ಣು ಇಟ್ಟು, ಗಂಜಿ ಕುಡಿದರಾ ಅಂತ ಕೇಳಿ, ಬಿಸಿಲು ಜಾಸ್ತಿಯಾಯಿತು ಅಂತ ಹೇಳಿ ಎದ್ದು ಬರುತ್ತಿದ್ದೆ. ಗುಂಪಿನವರು ಯಾರೂ ಆ ಎಣಿಕೆಯ ಮಾತು ಎತ್ತಲಿಲ್ಲ. ಎಲ್ಲರೂ ಮರೆತಿದ್ದರು ಅನಿಸುತ್ತದೆ, ಅವರಿಗೆ ಅದು ತಮಾಷೆಯಷ್ಟೇ ಆಗಿತ್ತು. ಅಣ್ಣ ನನಗೆ ಒಪ್ಪಿಸಿದ್ದ ಕೆಲಸ ಏನು ಅಂತ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಆಯುಧಪೂಜೆಯ ದಿನ ಕಿರಣನ ಜೊತೆ ಹೋಗಿದ್ದೆ. ಅಮ್ಮ, ಅಂದರೆ ಅಣ್ಣನ ಹೆಂಡತಿ, ಸೈಕಲ್ಲಿಗೆ ಕುಂಕುಮ ಇಟ್ಟು ಚೆಂಡುಹೂವು ಸುತ್ತಿದ್ದರು. ಅಣ್ಣ ತುಂಬಾ ಇಳಿದುಹೋಗಿದ್ದರು, ಆದರೆ ಅವತ್ತು ಕಣ್ಣು ಚುರುಕಾಗಿತ್ತು. ಅಮ್ಮ ತಲೆಯ ಹತ್ತಿರ, ಕಿರಣ ಕಾಲಿನ ಹತ್ತಿರ, ನಾನು ಎಡಗೈಯ ಪಕ್ಕ ಸ್ಟೂಲಿನ ಮೇಲೆ. ಆ ಎಡಗೈ ಹೊದಿಕೆಯ ಮೇಲೆ ಮೆಲ್ಲಗೆ ತೆರೆದುಕೊಂಡಿತು. ಹೆಬ್ಬೆರಳು ನಡುಗುತ್ತಾ ತೋರುಬೆರಳಿನ ಮೊದಲ ಗೆಣ್ಣಿಗೆ ಬಂತು, ಅವರು ಹೆಂಡತಿಯನ್ನು ನೋಡಿದರು. ಎರಡನೆಯದು, ಕಿರಣ. ಮೂರನೆಯದು, ನಾನು. ಅಲ್ಲಿಗೆ ನಿಂತಿತು. ನನ್ನನ್ನೇ ನೋಡುತ್ತಿದ್ದರು. ಕಿರಣ, ಅಣ್ಣ ಇನ್ನೂ ಎಣಿಸ್ತಾರೆ ನೋಡಿ ಅಂತ ಸಂತೋಷಪಟ್ಟ.

ನಾಲ್ಕನೆಯದು ನನ್ನ ಕೆಲಸ. ಆ ಹೆಬ್ಬೆರಳನ್ನು ಹಿಡಿದು ಪಕ್ಕದ ಬೆರಳಿಗೆ ಮುಟ್ಟಿಸಿ, ನೀವೂ ಸೇರಿ ನಾಲ್ಕು ಅಣ್ಣ ಅಂದಿದ್ದರೆ ಸಾಕಿತ್ತು. ಅವರು ಅದಕ್ಕೇ ಕಾಯುತ್ತಿದ್ದರೋ, ಸುಮ್ಮನೆ ದಣಿದು ನಿಲ್ಲಿಸಿದ್ದರೋ, ಇನ್ನು ಯಾರನ್ನು ಕೇಳಲಿ? ನನ್ನ ಕೈ ಮಡಿಲಿನಿಂದ ಮೇಲೆ ಏಳಲಿಲ್ಲ. ಮುಟ್ಟಿದರೆ ಅಳುತ್ತೇನೆ, ಅತ್ತರೆ ಯಾಕೆ ಅಂತ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ ಅಂತ ಹೆದರಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಕೈ ಮುಚ್ಚಿಕೊಂಡರು. ನಾವು ಕಡಲೆಪುರಿ ತಿಂದು ಬಂದೆವು. ಆ ವಾರ ಕಳೆಯುವುದರೊಳಗೆ ಅಣ್ಣ ಹೋದರು.

ಜನ ಸಮಾಧಾನ ಹೇಳುತ್ತಾರೆ. ಅವರಿಗೆ ಮೊದಲೇ ಕಾಯಿಲೆ ಇತ್ತು, ಹಣೆಬರಹ, ಪ್ರೀತಿಯ ದಿಬ್ಬದಲ್ಲೇ ಬಿದ್ದರಲ್ಲ ಅಂತ. ಆ ಯಾವ ಮಾತೂ ನನ್ನ ಒಳಕ್ಕೆ ಇಳಿಯುವುದಿಲ್ಲ. ದಿನಾ ಬೆಳಿಗ್ಗೆ ಆಫೀಸಿನಲ್ಲಿ ಕಂಪ್ಯೂಟರ್ ತೆರೆಯುತ್ತೇನೆ, ಒಂದು ಹೆಸರಿನ ಮುಂದೆ ಹೊತ್ತು ಬಿದ್ದಿಲ್ಲ ಅಂದರೆ ಕೆಂಪು ಗೆರೆ ಬರುತ್ತದೆ, ಎಂಥ ಗಡಿಬಿಡಿಯಲ್ಲೂ ಕಣ್ಣು ಅಲ್ಲಿಗೇ ಹೋಗುತ್ತದೆ. ಇಪ್ಪತ್ತೇಳು ವರ್ಷದ ಅಭ್ಯಾಸ. ಆ ಭಾನುವಾರ ಅದು ಎಲ್ಲಿ ಸತ್ತಿತ್ತೋ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಫೋನು ಎತ್ತಿಕೊಂಡೆ. ಕೊನೆಗೆ ಯಾರು ಅನ್ನುವ ಸಾಲಿನ ಮುಂದೆ ಕಿರಣ ನನ್ನ ಹೆಸರು ಬರೆದು, ಅಣ್ಣನ ಜಾಗಕ್ಕೆ ಮೇಡಂ ಬಿಟ್ಟರೆ ಬೇರೆ ಯಾರು ಅಂತ ಹಾಕಿದ್ದ. ಅದರ ಕೆಳಗೆ ಎಲ್ಲರೂ ಕೈ ಮುಗಿದಿದ್ದರು. ಒಂಬತ್ತು ತಿಂಗಳು ಬಾಯಿಗೆ ಬಾರದ್ದನ್ನು ಬೆರಳಿನಲ್ಲಾದರೂ ಹೇಳಿಬಿಡೋಣ ಅಂತ, "ಕೊನೆಗೆ ನನ್ನ ಹಾಕ್ಬೇಡ ಕಿರಣ. ನಂಗೆ ಎಣ್ಸಕ್ಕೆ ಬರಲ್ಲ" ಅಂತ ಬರೆದು ಕಳಿಸಿದೆ.

ಉತ್ತರ ಕೂಡಲೇ ಬಂತು. ಹಾಜರಿ ಮೇಡಂಗೇ ಎಣ್ಸಕ್ಕೆ ಬರಲ್ವಾ ಅಂತ ಬರೆದು, ಪಕ್ಕದಲ್ಲಿ ನಗುವ ಮುಖ ಹಾಕಿದ್ದ.